ಕಾನೂನು, ನ್ಯಾಯ, ಮಾನವ ಹಕ್ಕು: ಲೈಬ್ರರಿಯಲ್ಲಿ ಏನು ಸಿಗುತ್ತೆ, ಹೇಗೆ ಹುಡುಕೋದು? ಪದೇ ಪದೇ ಕೇಳುವ ಪ್ರಶ್ನೆಗಳು

ಲೈಬ್ರರಿ ಕೌಂಟರಿನಲ್ಲಿ, ಪತ್ರದಲ್ಲಿ, ಫೋನಿನಲ್ಲಿ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ. ಕರ್ನಾಟಕದಲ್ಲಿರುವ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಉತ್ತರಗಳು. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಂಡರೂ ಸಾಕು.

## ಮೊದಲ ಸಲ ಬಂದವರಿಗೆ

ನಾನು ವಕೀಲ ಅಲ್ಲ, ಎಲ್‌ಎಲ್‌ಬಿನೂ ಓದಿಲ್ಲ. ಕಾನೂನು ಪುಸ್ತಕ ನನಗೆ ಅರ್ಥ ಆಗುತ್ತಾ?

ಪೂರ್ತಿ ಅಲ್ಲದಿದ್ದರೂ ನಿಮಗೆ ಬೇಕಾದಷ್ಟು ಅರ್ಥವಾಗುತ್ತದೆ. ಕಾಯ್ದೆಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ಇರುತ್ತವೆ. ಮೊದಲ ಸೆಕ್ಷನ್‌ನಲ್ಲಿ ಕಾಯ್ದೆಯ ಹೆಸರು, ಎಲ್ಲಿಗೆ ಅನ್ವಯ, ಯಾವಾಗಿನಿಂದ ಜಾರಿ ಎಂಬುದು ಇರುತ್ತದೆ. ಎರಡನೆಯದರಲ್ಲಿ ಸಾಮಾನ್ಯವಾಗಿ ವ್ಯಾಖ್ಯೆಗಳು. ಹೆಚ್ಚಿನವರು ಈ ಎರಡನೆಯ ಸೆಕ್ಷನ್ ಹಾರಿಸಿ ನೇರ ಶಿಕ್ಷೆ ಎಷ್ಟು ಅಂತ ನೋಡುತ್ತಾರೆ. ಎಡವುವುದು ಅಲ್ಲೇ.

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆ, 2005 ತೆಗೆದುಕೊಳ್ಳಿ. ಇದು ಗಂಡನ ವಿರುದ್ಧ ಹೆಂಡತಿ ಕೊಡುವ ದೂರಿಗೆ ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಎರಡನೆಯ ಸೆಕ್ಷನ್ ಓದಿ. ಒಂದೇ ಮನೆಯಲ್ಲಿ ಬದುಕುವ ಅಥವಾ ಹಿಂದೆ ಬದುಕಿದ್ದ ತಾಯಿ, ಅಕ್ಕತಂಗಿ, ವಿಧವೆ ಸೊಸೆ, ಮದುವೆಯಂಥ ಸಂಬಂಧದಲ್ಲಿರುವ ಹೆಂಗಸು, ಇವರೆಲ್ಲ ಇದರೊಳಗೆ ಬರುತ್ತಾರೆ. ಮನೆ ಆಕೆಯ ಹೆಸರಿನಲ್ಲಿ ಇರಲೇಬೇಕು ಅಂತಲೂ ಇಲ್ಲ. ಇಷ್ಟು ತಿಳಿಯಲು ಎಲ್‌ಎಲ್‌ಬಿ ಬೇಕಿಲ್ಲ, ನಿಧಾನವಾಗಿ ಓದುವ ತಾಳ್ಮೆ ಬೇಕು. ಇನ್ನೊಂದು ಮಾತು: ಸೆಕ್ಷನ್‌ನ ಕೊನೆಯಲ್ಲಿ 'ಪರಂತು' ಎಂದು ಶುರುವಾಗುವ ಸಾಲನ್ನು ಬಿಡಬೇಡಿ. ಮೇಲೆ ಕೊಟ್ಟಿದ್ದಕ್ಕೆ ವಿನಾಯಿತಿ ಇರುವುದು ಅಲ್ಲಿ.

ಬೇರ್ ಆಕ್ಟ್ ಅಂದ್ರೇನು? ದಪ್ಪ ಪುಸ್ತಕಕ್ಕೂ ಇದಕ್ಕೂ ಏನು ವ್ಯತ್ಯಾಸ?

ಬೇರ್ ಆಕ್ಟ್ ಅಂದರೆ ಕಾಯ್ದೆಯ ಪಠ್ಯ ಮಾತ್ರ. ಯಾರ ವಿವರಣೆಯೂ ಇಲ್ಲ. ತೆಳ್ಳಗಿರುತ್ತದೆ, ಕಡಿಮೆ ಬೆಲೆಗೆ ಸಿಗುತ್ತದೆ. ದಪ್ಪ ಪುಸ್ತಕ ಕಾಮೆಂಟರಿ. ಒಂದೊಂದು ಸೆಕ್ಷನ್ ಕೆಳಗೂ ಲೇಖಕರ ವಿವರಣೆ, ಆ ಬಗ್ಗೆ ಬಂದ ತೀರ್ಪುಗಳು ಇರುತ್ತವೆ. ಇವೆರಡರ ನಡುವೆ 'ಗೈಡ್' ಅಂತ ಒಂದು ಜಾತಿ ಇದೆ, ಪರೀಕ್ಷೆಗೆ ಬರೆದದ್ದು. ಪರೀಕ್ಷೆ ಪಾಸಾಗಲು ಗೈಡ್ ಸಾಕು. ಜಮೀನಿನ ತಕರಾರು, ಪೊಲೀಸ್ ಠಾಣೆಯ ವಿಚಾರ, ಜೀವನಾಂಶ ಅಂತಿದ್ದರೆ ಅದನ್ನು ನಂಬಿ ಹೆಜ್ಜೆ ಇಡಬೇಡಿ. ಮೊದಲು ಬೇರ್ ಆಕ್ಟ್ ಓದಿ, ಅರ್ಥವಾಗದ ಸೆಕ್ಷನ್‌ಗೆ ಮಾತ್ರ ಕಾಮೆಂಟರಿ ತೆರೆಯಿರಿ.

ಲೈಬ್ರರಿಯಲ್ಲಿ ಇದು ಯಾವ ಕಪಾಟಿನಲ್ಲಿ ಇರುತ್ತೆ? ಹುಡುಕಿ ಸಾಕಾಯ್ತು.

ಒಂದೇ ಕಪಾಟಿನಲ್ಲಿ ಇರುವುದಿಲ್ಲ, ಅದಕ್ಕೇ ಸಾಕಾಗಿದ್ದು. ಡ್ಯೂಯಿ ದಶಮಾಂಶ ಪದ್ಧತಿ ಇರುವ ಲೈಬ್ರರಿಯಲ್ಲಿ ಕಾನೂನಿಗೆ 340. ಅದರೊಳಗೆ 341 ಅಂತರರಾಷ್ಟ್ರೀಯ ಕಾನೂನು, 342 ಸಂವಿಧಾನ, 344 ಕಾರ್ಮಿಕ ಮತ್ತು ಸಮಾಜ ಕಲ್ಯಾಣದ ಕಾನೂನು, 345 ಅಪರಾಧ, 346 ಆಸ್ತಿ, ಮದುವೆ, ಒಪ್ಪಂದ, 347 ಕೋರ್ಟಿನ ಪ್ರಕ್ರಿಯೆ. ಆದರೆ ನಾಗರಿಕ ಹಕ್ಕು, ಮಾನವ ಹಕ್ಕಿನ ಪುಸ್ತಕಗಳು ರಾಜಕೀಯ ಶಾಸ್ತ್ರದ ಜೊತೆ 323ರಲ್ಲಿ ಕೂತಿರುತ್ತವೆ. ಅದೇ ಮಾನವ ಹಕ್ಕು ಅಂತರರಾಷ್ಟ್ರೀಯ ಒಪ್ಪಂದದ ಕೋನದಿಂದ ಬರೆದದ್ದಾದರೆ 341ಕ್ಕೆ ಹೋಗಿರುತ್ತದೆ. ಜಾತಿ, ಮಹಿಳೆ, ಅಂಗವಿಕಲರ ಬಗೆಗಿನವು 305ರ ಸುತ್ತಮುತ್ತ. ಹಾಗಾಗಿ 340 ನೋಡಿ 'ಇಲ್ಲ' ಅಂತ ವಾಪಸ್ ಹೋಗಬೇಡಿ.

ಎಸ್. ಆರ್. ರಂಗನಾಥನ್ ಅವರ ಕೋಲನ್ ಪದ್ಧತಿ ಬಳಸುವ ಲೈಬ್ರರಿಗಳಲ್ಲಿ ಕಾನೂನಿಗೆ ಇಂಗ್ಲಿಷಿನ ಕೊನೆಯ ಅಕ್ಷರ, 'ಝೆಡ್'. ಕಪಾಟೂ ಸಾಮಾನ್ಯವಾಗಿ ಕೊನೆಯಲ್ಲೇ ಇರುತ್ತದೆ. ಕಾಮೆಂಟರಿ, ತೀರ್ಪಿನ ಸಂಪುಟಗಳನ್ನು ಹೆಚ್ಚಾಗಿ ಪರಾಮರ್ಶನ ವಿಭಾಗದಲ್ಲಿ ಇಡುತ್ತಾರೆ. ಮನೆಗೆ ಕೊಡುವುದಿಲ್ಲ. ಪೆನ್ನು, ನೋಟ್‌ಬುಕ್ ತೆಗೆದುಕೊಂಡು ಬನ್ನಿ.

ಬೆಂಗಳೂರಿಗೆ ಬರೋಕಾಗಲ್ಲ. ಹತ್ತಿರದಲ್ಲಿ ಎಲ್ಲಿ ಸಿಗುತ್ತೆ?

ಗ್ರಾಮ ಪಂಚಾಯಿತಿ ಲೈಬ್ರರಿಗೆ ಈಗ 'ಅರಿವು ಕೇಂದ್ರ' ಅಂತ ಹೆಸರು. ಅಲ್ಲಿ ಕಾನೂನು ಪುಸ್ತಕ ಜಾಸ್ತಿ ಇರುವುದಿಲ್ಲ. ಆದರೆ ಕಂಪ್ಯೂಟರ್, ಇಂಟರ್‌ನೆಟ್ ಇರುವ ಕಡೆ ಮುಂದೆ ಹೇಳುವ ಸರ್ಕಾರಿ ತಾಣಗಳನ್ನು ಅಲ್ಲೇ ತೆರೆಯಬಹುದು. ಜಿಲ್ಲಾ ಕೇಂದ್ರ ಗ್ರಂಥಾಲಯ, ನಗರ ಕೇಂದ್ರ ಗ್ರಂಥಾಲಯಗಳಲ್ಲಿ ಬೇರ್ ಆಕ್ಟ್‌ಗಳು, ಕನ್ನಡದ ಕಾನೂನು ಪುಸ್ತಕಗಳು ಸಿಗುತ್ತವೆ. ಒಳಗೆ ಕೂತು ಓದಲು ಸದಸ್ಯತ್ವ ಕೇಳುವುದಿಲ್ಲ.

ತಾಲ್ಲೂಕು ಕೋರ್ಟಿನ ವಕೀಲರ ಸಂಘದ ಲೈಬ್ರರಿ ಸದಸ್ಯರಿಗಷ್ಟೇ. ಕಾನೂನು ಕಾಲೇಜಿನ ಲೈಬ್ರರಿಗೆ ಹೋಗಬೇಕಾದರೆ ಪ್ರಾಂಶುಪಾಲರಿಗೆ ಒಂದು ಕಾಗದ ಬರೆದು ಅನುಮತಿ ಕೇಳಿ. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇದೆ, ಬೆಂಗಳೂರಿನ ನಾಗರಬಾವಿಯಲ್ಲಿ ನ್ಯಾಷನಲ್ ಲಾ ಸ್ಕೂಲ್ ಇದೆ. ಸಂಶೋಧನೆಗೆ ಇವೆರಡೂ ದೊಡ್ಡ ಭಂಡಾರ. ಹೊರಗಿನವರು ಮೊದಲೇ ಕೇಳಿಕೊಂಡು ಹೋಗುವುದು ಒಳ್ಳೆಯದು. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಯಾರು ಬೇಕಾದರೂ ಹೋಗಬಹುದು.

## ಕನ್ನಡದಲ್ಲಿ ಓದುವವರಿಗೆ

ಸಂವಿಧಾನ ಪೂರ್ತಿ ಕನ್ನಡದಲ್ಲಿ ಇದೆಯಾ? ಫ್ರೀ ಆಗಿ ಸಿಗುತ್ತಾ?

ಇದೆ. ಕೇಂದ್ರ ಕಾನೂನು ಸಚಿವಾಲಯದ ಶಾಸಕಾಂಗ ಇಲಾಖೆ ತನ್ನ ತಾಣದಲ್ಲಿ ಪ್ರಾದೇಶಿಕ ಭಾಷೆಗಳ ಸಂವಿಧಾನವನ್ನು ಪಿಡಿಎಫ್ ಆಗಿ ಇಟ್ಟಿದೆ. ಅದರಲ್ಲಿ ಕನ್ನಡವೂ ಇದೆ. ಲೈಬ್ರರಿಯಲ್ಲಿ ಪುಸ್ತಕ ಸಿಕ್ಕಿದರೆ ಮೊದಲು ನೋಡಬೇಕಾದ್ದು ಯಾವ ತಿದ್ದುಪಡಿವರೆಗೆ ಸೇರಿಸಿದ್ದಾರೆ ಎಂಬುದು. ಲೋಕಸಭೆ, ವಿಧಾನಸಭೆಗಳಲ್ಲಿ ಮಹಿಳಾ ಮೀಸಲಾತಿ ತಂದ 106ನೇ ತಿದ್ದುಪಡಿ 2023ರದು. ನಿಮ್ಮ ಕೈಯಲ್ಲಿರುವ ಪ್ರತಿಯಲ್ಲಿ 330ಎ ವಿಧಿ ಇಲ್ಲ ಅಂದರೆ ಅದು ಅದಕ್ಕಿಂತ ಹಳೆಯದು. ಮೂಲಭೂತ ಹಕ್ಕು ಓದಲು ಹಳೆಯ ಪ್ರತಿಯೂ ಬಹುಮಟ್ಟಿಗೆ ನಡೆಯುತ್ತದೆ. ಮೀಸಲಾತಿ, ಜಿಎಸ್‌ಟಿ ವಿಚಾರಕ್ಕೆ ನಡೆಯುವುದಿಲ್ಲ.

ಕನ್ನಡದ ಪಠ್ಯ ಒಂದು ಹೇಳುತ್ತೆ, ಇಂಗ್ಲಿಷ್ ಇನ್ನೊಂದು ಹೇಳುತ್ತೆ. ಕೋರ್ಟ್ ಯಾವುದನ್ನ ಒಪ್ಪುತ್ತೆ?

ಯಾರು ಪ್ರಕಟಿಸಿದ ಕನ್ನಡ ಎನ್ನುವುದರ ಮೇಲಿದೆ. ಖಾಸಗಿ ಪ್ರಕಾಶಕರು ಮಾಡಿಸಿದ ಅನುವಾದ ಓದಿ ತಿಳಿಯಲು ಮಾತ್ರ. ಅದಕ್ಕೆ ಅಧಿಕೃತ ಬೆಲೆ ಇಲ್ಲ. ಕೇಂದ್ರ ಕಾಯ್ದೆಗಳ ವಿಚಾರದಲ್ಲಿ 1973ರ ಒಂದು ಕಾಯ್ದೆ ಇದೆ. ಅದರಂತೆ ರಾಷ್ಟ್ರಪತಿಗಳ ಅಧಿಕಾರದಿಂದ ಗೆಜೆಟ್‌ನಲ್ಲಿ ಪ್ರಕಟವಾದ ಪ್ರಾದೇಶಿಕ ಭಾಷೆಯ ಅನುವಾದಕ್ಕೆ ಆ ಭಾಷೆಯ ಅಧಿಕೃತ ಪಠ್ಯದ ಸ್ಥಾನ ಸಿಗುತ್ತದೆ. ರಾಜ್ಯದ ಕಾಯ್ದೆ ಕನ್ನಡದಲ್ಲಿ ಬಂದಿದ್ದರೆ ಸಂವಿಧಾನದ 348(3)ನೇ ವಿಧಿಯಂತೆ ರಾಜ್ಯಪಾಲರ ಅಧಿಕಾರದಿಂದ ರಾಜ್ಯಪತ್ರದಲ್ಲಿ ಇಂಗ್ಲಿಷ್ ಅನುವಾದವೂ ಬರಬೇಕು. ಹೈಕೋರ್ಟ್, ಸುಪ್ರೀಂ ಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ ನಡೆಯುವುದರಿಂದ ಅಲ್ಲಿ ವಾದ ನಡೆಯುವುದು ಆ ಇಂಗ್ಲಿಷ್ ಪಠ್ಯದ ಮೇಲೇ. ಕನ್ನಡದಲ್ಲಿ ಓದಿ ತಿಳಿದುಕೊಳ್ಳಿ. ಅರ್ಜಿಯಲ್ಲಿ ಒಂದು ಸೆಕ್ಷನ್‌ನ ಮೇಲೆ ಭಾರ ಹಾಕುವಾಗ ಮಾತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ತೀರ್ಪುಗಳು ಕನ್ನಡದಲ್ಲಿ ಬರೋಕೆ ಶುರುವಾಗಿದೆ ಅಂತ ಪೇಪರಿನಲ್ಲಿ ಓದಿದೆ. ನಿಜಾನಾ?

ನಿಜ. ಸುಪ್ರೀಂ ಕೋರ್ಟ್ 2019ರ ನವೆಂಬರಿನಲ್ಲಿ 'ಸುವಾಸ್' ಎಂಬ ಅನುವಾದ ತಂತ್ರಾಂಶ ತಂದಿತು. ಯಂತ್ರ ಮಾಡಿದ ಅನುವಾದವನ್ನು ಮನುಷ್ಯರು ತಿದ್ದುತ್ತಾರೆ. ಹೀಗೆ ಅನುವಾದವಾದ ತೀರ್ಪುಗಳು ಸುಪ್ರೀಂ ಕೋರ್ಟಿನ ತಾಣದಲ್ಲಿ ಭಾಷೆವಾರು ಸಿಗುತ್ತವೆ. 2024ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಒಂದು ವಿಭಾಗೀಯ ಪೀಠ (ಇಬ್ಬರು ನ್ಯಾಯಮೂರ್ತಿಗಳದು) ತೀರ್ಪಿನ ಮುಖ್ಯ ಭಾಗವನ್ನು ಕನ್ನಡದಲ್ಲೇ ಓದಿ ಸುದ್ದಿಯಾಯಿತು. ಕೆಳಗಿನ ಕೋರ್ಟುಗಳಲ್ಲಂತೂ ದಾವೆ, ಸಾಕ್ಷಿ ಹೇಳಿಕೆ ಕನ್ನಡದಲ್ಲಿ ಇರುವುದು ಹೊಸದೇನಲ್ಲ.

ಅನುವಾದದ ಕನ್ನಡ ಕೆಲವು ಕಡೆ ಬಹಳ ಬಿಗಿ. ಒಂದು ವಾಕ್ಯ ಅರ್ಧ ಪುಟ ಹೋಗುತ್ತದೆ. ನನ್ನ ಕೇಳಿದರೆ, ಮೊದಲು ಕನ್ನಡದಲ್ಲಿ ಸಂಗತಿಗಳ ಭಾಗ ಓದಿಕೊಂಡು, ಕೋರ್ಟ್ ಕೊನೆಗೆ ಏನು ಹೇಳಿತು ಎಂಬುದನ್ನು ಇಂಗ್ಲಿಷಿನಲ್ಲಿ ಹೋಲಿಸಿ ನೋಡುವುದು ವಾಸಿ. ಆದೇಶ ಜಾರಿಗೆ ಇಂಗ್ಲಿಷ್ ಪ್ರತಿಯೇ ಅಧಿಕೃತ ಎಂದು ಅನುವಾದದಲ್ಲೇ ಬರೆದಿರುತ್ತಾರೆ.

## ಹುಡುಕುವಾಗ

ಗೂಗಲ್ ಮಾಡಿದ್ರೆ ಸಾವಿರ ಪುಟ ಬರುತ್ತೆ. ಯಾವುದನ್ನ ನಂಬಲಿ?

ಕೇಂದ್ರದ ಕಾಯ್ದೆಗೆ 'ಇಂಡಿಯಾ ಕೋಡ್'. ಇದು ಸರ್ಕಾರದ್ದೇ ತಾಣ. ತಿದ್ದುಪಡಿ ಸೇರಿಸಿದ ಪಠ್ಯ ಇರುತ್ತದೆ, ಹಲವು ಕಾಯ್ದೆಗಳ ಜೊತೆ ನಿಯಮ, ಅಧಿಸೂಚನೆಗಳೂ ಸಿಗುತ್ತವೆ. ಕರ್ನಾಟಕದ ಕಾಯ್ದೆಗೆ ರಾಜ್ಯದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ತಾಣ, ಕನ್ನಡ ಇಂಗ್ಲಿಷ್ ಎರಡೂ ಇವೆ. ಹೊಸ ಅಧಿಸೂಚನೆಗೆ ಇ-ರಾಜ್ಯಪತ್ರ. ಸುಪ್ರೀಂ ಕೋರ್ಟ್ ತೀರ್ಪಿಗೆ 'ಇ-ಎಸ್‌ಸಿಆರ್', 2023ರ ಜನವರಿಯಲ್ಲಿ ಶುರುವಾಯಿತು. 1950ರಿಂದ ವರದಿಯಾದ ತೀರ್ಪುಗಳು ಅಲ್ಲಿ ಉಚಿತ. ಹೈಕೋರ್ಟ್ ತೀರ್ಪಿಗೆ ಇ-ಕೋರ್ಟ್ಸ್‌ನ ತೀರ್ಪು ಹುಡುಕುವ ತಾಣ.

ಖಾಸಗಿಯವರದ್ದಾದರೂ ಬಹಳ ಜನ, ವಕೀಲರೂ ಸೇರಿ, ಮೊದಲು ತೆರೆಯುವುದು 2008ರಿಂದ ಇರುವ 'ಇಂಡಿಯನ್ ಕಾನೂನ್'. ಅದರ ಅನುಕೂಲ ಏನೆಂದರೆ ಒಂದು ಸೆಕ್ಷನ್ ತೆರೆದರೆ ಅದನ್ನು ಉಲ್ಲೇಖಿಸಿದ ತೀರ್ಪುಗಳಿಗೆಲ್ಲ ಅಲ್ಲಿಂದಲೇ ಹೋಗಬಹುದು. ಹುಡುಕಲು ಅದನ್ನು ಬಳಸಿ, ಸಿಕ್ಕ ಮೇಲೆ ಕೋರ್ಟಿನ ತಾಣದಲ್ಲಿ ಒಮ್ಮೆ ತಾಳೆ ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ 'ಸುಪ್ರೀಂ ಕೋರ್ಟ್ ಮಹತ್ವದ ತೀರ್ಪು' ಎಂಬ ಫಾರ್ವರ್ಡ್‌ನಲ್ಲಿ ಪ್ರಕರಣದ ಹೆಸರು, ದಿನಾಂಕ ಎರಡೂ ಇಲ್ಲ ಅಂದರೆ ಅದರ ಮೇಲೆ ಸಮಯ ಕಳೆಯಬೇಡಿ.

ಎಐಗೆ ಕೇಳಿದ್ರೆ ಸೆಕ್ಷನ್ ಸಮೇತ ಹೇಳುತ್ತಲ್ಲ, ಅದು ಸಾಲಲ್ವಾ?

ಸಾಲದು. ಅದು ಹೇಳುವ ಪ್ರಕರಣ ಕೆಲವು ಸಲ ಇರುವುದೇ ಇಲ್ಲ. ಹೆಸರು, ವರ್ಷ, ಪುಟ ಸಂಖ್ಯೆ ಎಲ್ಲ ಸರಿಯಿದ್ದಂತೆ ಕಾಣುತ್ತದೆ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಹೀಗೆ ಸೃಷ್ಟಿಯಾದ ಪ್ರಕರಣಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಕಟ್ಟಬೇಕಾಯಿತು. ನಮ್ಮಲ್ಲೂ 2025ರಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟಿನ ಒಂದು ಆದೇಶದಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳ ಉಲ್ಲೇಖ ಇರುವುದನ್ನು ಕರ್ನಾಟಕ ಹೈಕೋರ್ಟ್ ಗಂಭೀರವಾಗಿ ತೆಗೆದುಕೊಂಡಿತು. ಎಐ ಕೊಟ್ಟ ಹೆಸರನ್ನು ಇ-ಎಸ್‌ಸಿಆರ್‌ನಲ್ಲೋ ಇಂಡಿಯನ್ ಕಾನೂನ್‌ನಲ್ಲೋ ಹಾಕಿ ನೋಡಿ. ಅಲ್ಲಿ ಸಿಗದಿದ್ದರೆ ಅರ್ಜಿಯಲ್ಲಿ ಬರೆಯಬೇಡಿ.

ಮನೆಯಲ್ಲಿ ಹಳೇ ಐಪಿಸಿ, ಸಿಆರ್‌ಪಿಸಿ ಇದೆ. ರದ್ದಿಗೆ ಹಾಕ್ಲಾ?

ಬೇಡ, ಇನ್ನೂ ಬಹಳ ವರ್ಷ ಬೇಕಾಗುತ್ತದೆ. 2024ರ ಜುಲೈ 1ರಿಂದ ಐಪಿಸಿಯ (ಭಾರತೀಯ ದಂಡ ಸಂಹಿತೆ) ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಆದರೆ ಆ ದಿನಾಂಕಕ್ಕಿಂತ ಮೊದಲು ನಡೆದ ಅಪರಾಧಕ್ಕೆ ಐಪಿಸಿಯೇ ಅನ್ವಯ. ಕೋರ್ಟುಗಳಲ್ಲಿ ಅಂಥ ಕೇಸುಗಳು ರಾಶಿ ಬಿದ್ದಿವೆ. ಹಳೆಯ ತೀರ್ಪುಗಳಲ್ಲೂ ಹಳೆಯ ಸಂಖ್ಯೆಗಳೇ ಇರುತ್ತವೆ.

ಜನರ ಬಾಯಲ್ಲಿರುವ ಕೆಲವು ಸಂಖ್ಯೆಗಳು ಈಗ ಹೀಗೆ: ಕೊಲೆಯ 302 ಈಗ 103. ವಂಚನೆಯ 420 ಈಗ 318. ಗಂಡ, ಗಂಡನ ಮನೆಯವರ ಕ್ರೌರ್ಯದ 498ಎ ಈಗ 85. ಎಫ್‌ಐಆರ್‌ನ 154 ಈಗ ಸುರಕ್ಷಾ ಸಂಹಿತೆಯ 173. ಜೀವನಾಂಶದ 125 ಈಗ 144. ಇಲ್ಲೊಂದು ಗೊಂದಲ ಇದೆ. ಗುಂಪು ಸೇರಬಾರದೆಂದು ಹಾಕುತ್ತಿದ್ದ '144' ಹಳೆಯ ಸಿಆರ್‌ಪಿಸಿಯದು, ಅದೀಗ 163. ಹಳೆಯ ಪುಸ್ತಕ ಹಿಡಿದು 144 ಹುಡುಕಿದವರಿಗೆ ಜೀವನಾಂಶದ ಬದಲು ನಿಷೇಧಾಜ್ಞೆ ಸಿಗುತ್ತದೆ!

ಪುಸ್ತಕದಲ್ಲಿರೋ ಕಾನೂನು ಇವತ್ತಿಗೂ ಜಾರಿಯಲ್ಲಿದೆ ಅಂತ ಹೇಗೆ ಗೊತ್ತಾಗುತ್ತೆ?

ಇಡೀ ಪಟ್ಟಿಯಲ್ಲಿ ನನಗೆ ಅತಿ ಮುಖ್ಯ ಅನಿಸುವ ಪ್ರಶ್ನೆ ಇದು. ಕಾನೂನು ಸಿಗುವುದು ಈಗ ಕಷ್ಟವಲ್ಲ. ಸಿಕ್ಕಿದ್ದು ಯಾವ ದಿನದ ಕಾನೂನು ಅಂತ ತಿಳಿಯುವುದೇ ಕಷ್ಟ. ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಉದಾಹರಣೆ ನೋಡಿ, ಏಕೆಂದರೆ ಕೌಂಟರಿನಲ್ಲಿ ಅತಿ ಹೆಚ್ಚು ಕೇಳುವುದೂ ಅದನ್ನೇ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಪಿತ್ರಾರ್ಜಿತ ಕೂಡುಕುಟುಂಬದ ಆಸ್ತಿಗೆ ಮಗಳು ಸಹದಾಯಾದಿ, ಅಂದರೆ ಹುಟ್ಟಿನಿಂದಲೇ ಪಾಲುಳ್ಳವಳು, ಆಗಿರಲಿಲ್ಲ. ಕರ್ನಾಟಕ ತನ್ನದೇ ತಿದ್ದುಪಡಿ ಮಾಡಿ 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೆ ಆ ಹಕ್ಕು ಕೊಟ್ಟಿತು. ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಇಡೀ ದೇಶಕ್ಕೆ ಬಂತು. ಅದರಲ್ಲಿ ಮದುವೆಯ ಷರತ್ತು ಇಲ್ಲ. ಇಷ್ಟು ಕಾಯ್ದೆಯ ಕತೆ.

ಆಮೇಲೆ ತೀರ್ಪುಗಳು. 2015ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ, ಕರ್ನಾಟಕದಿಂದಲೇ ಹೋದ ಫೂಲವತಿ ಪ್ರಕರಣದಲ್ಲಿ, 2005ರ ಆ ದಿನ ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಪಾಲು ಎಂದಿತು. 2018ರಲ್ಲಿ ಮತ್ತೊಂದು ಪೀಠ, ಅದೂ ಕರ್ನಾಟಕದ ಪ್ರಕರಣದಲ್ಲೇ, ಮೊದಲೇ ತೀರಿಕೊಂಡಿದ್ದ ತಂದೆಯ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು. ಎರಡೂ ಎರಡು ಕಡೆ ಎಳೆದವು. ಕೊನೆಗೆ 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳು ವಿನೀತಾ ಶರ್ಮಾ ಪ್ರಕರಣದಲ್ಲಿ ಈ ಗೋಜಲು ಬಿಡಿಸಿದರು: ಹಕ್ಕು ಹುಟ್ಟಿನಿಂದ ಬರುವುದು, 2005ರಲ್ಲಿ ತಂದೆ ಬದುಕಿರಬೇಕಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮಬದ್ಧವಾಗಿ ನಡೆದ ವಿಭಾಗಕ್ಕೆ ಮಾತ್ರ ಧಕ್ಕೆಯಿಲ್ಲ.

ಈಗ ಯೋಚಿಸಿ. ನಿಮ್ಮ ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದು, ನಿಮ್ಮ ಕೈಗೆ 2016ರಲ್ಲಿ ಅಚ್ಚಾದ ಕಾಮೆಂಟರಿ ಸಿಕ್ಕರೆ ಅದು 'ನಿಮಗೆ ಪಾಲಿಲ್ಲ' ಅನ್ನುತ್ತದೆ. 1993ರದ್ದು ಸಿಕ್ಕರಂತೂ ಕೇಳುವುದೇ ಬೇಡ. ಆ ಪುಸ್ತಕಗಳಲ್ಲಿ ತಪ್ಪಿಲ್ಲ, ಅವು ಆ ದಿನದ ಕಾನೂನು ಹೇಳುತ್ತಿವೆ. ಇದನ್ನು ನೋಡಿ 'ನನಗೆ ಹಕ್ಕಿಲ್ಲ' ಅಂತ ಮನೆಗೆ ಹೋಗಿ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿದರೆ?

ಹಾಗಾಗಿ ಮೂರು ಕೆಲಸ ಮಾಡಿ. ಮುಖಪುಟದ ಹಿಂದಿನ ಪುಟದಲ್ಲಿ ಮುದ್ರಣದ ವರ್ಷ ನೋಡಿ. ಅಲ್ಲಿಂದ ಈಚಿನ ತಿದ್ದುಪಡಿಗಳನ್ನು ಇಂಡಿಯಾ ಕೋಡ್‌ನ ಅಡಿಟಿಪ್ಪಣಿಯಲ್ಲಿ ನೋಡಿ, ಯಾವ ವರ್ಷದ ಯಾವ ಕಾಯ್ದೆಯಿಂದ ಸೇರಿಸಿದ್ದು ಎಂದು ಅಲ್ಲಿ ಬರೆದಿರುತ್ತದೆ. ಕೊನೆಗೆ, ನೀವು ನಂಬಿದ ತೀರ್ಪನ್ನು ನಂತರದ ತೀರ್ಪು ಯಾವುದಾದರೂ ತಳ್ಳಿಹಾಕಿದೆಯಾ ನೋಡಿ. ಇಂಡಿಯನ್ ಕಾನೂನ್‌ನಲ್ಲಿ ಅದನ್ನು ಉಲ್ಲೇಖಿಸಿದ ತೀರ್ಪುಗಳ ಪಟ್ಟಿ ತೆಗೆದು, ಹೊಸದನ್ನು ಮೇಲಕ್ಕೆ ತಂದುಕೊಂಡು ಓದಿ. ದೊಡ್ಡ ಪೀಠದ ತೀರ್ಪು ಚಿಕ್ಕ ಪೀಠದ್ದಕ್ಕಿಂತ ಮೇಲು.

ಪಿಟಿಸಿಎಲ್ ಜಮೀನಿಗೆ ಈಗ ಕಾಲಮಿತಿ ಇಲ್ಲ ಅಂತಾರೆ. ಯಾವಾಗ ಬೇಕಾದ್ರೂ ಅರ್ಜಿ ಹಾಕಬಹುದಾ?

ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಪರಭಾರೆ ಆಗದಂತೆ ತಡೆಯುವ ಈ ಕಾಯ್ದೆ 1978ರದು. ಅರ್ಜಿ ಉಪವಿಭಾಗಾಧಿಕಾರಿಗೆ ಹೋಗುತ್ತದೆ. ಕಾಯ್ದೆಯಲ್ಲಿ ಕಾಲಮಿತಿ ಬರೆದಿರಲಿಲ್ಲ. ಆದರೆ 2017ರಲ್ಲಿ ಸುಪ್ರೀಂ ಕೋರ್ಟ್ 'ಸಮಂಜಸ ಅವಧಿಯೊಳಗೆ' ಬರಬೇಕು ಎಂದಿತು. ಅದರಿಂದ ಎಷ್ಟೋ ಅರ್ಜಿಗಳು ಬಿದ್ದುಹೋದವು. 2023ರಲ್ಲಿ ವಿಧಾನಮಂಡಲ ಕಾಯ್ದೆ ತಿದ್ದಿ ಕಾಲಮಿತಿ ಇಲ್ಲ ಎಂದು ಬರೆಯಿತು. 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ, ಕಾಲಮಿತಿ ಬೇರೆ, ವಿವರಣೆಯಿಲ್ಲದ ವಿಪರೀತ ವಿಳಂಬ ಬೇರೆ ಎಂದಿತು. ಅಂದರೆ ಬರೀ ತಿದ್ದುಪಡಿ ಓದಿ 'ಯಾವಾಗ ಬೇಕಾದರೂ' ಅನ್ನಲಾಗದು. ವಿಳಂಬಕ್ಕೆ ಕಾರಣ, ಮಂಜೂರಾತಿ ಆದೇಶ, ಹಳೆಯ ಪಹಣಿ ಇಟ್ಟುಕೊಂಡು ಈ ವಿಷಯ ಗೊತ್ತಿರುವ ವಕೀಲರನ್ನು ಕಾಣಿ.

ನಮ್ಮ ಕೇಸಿನ ಮುಂದಿನ ದಿನಾಂಕ ಲೈಬ್ರರಿ ಕಂಪ್ಯೂಟರಿನಲ್ಲಿ ನೋಡಬಹುದಾ?

ನೋಡಬಹುದು. ಇ-ಕೋರ್ಟ್ಸ್ ತಾಣದಲ್ಲಿ ಪ್ರತಿ ಕೇಸಿಗೂ ಇರುವ, 16 ಅಕ್ಷರ ಮತ್ತು ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿ. ಅದು ಗೊತ್ತಿಲ್ಲದಿದ್ದರೆ ಪಕ್ಷಗಾರರ ಹೆಸರು, ವರ್ಷ ಕೊಟ್ಟೂ ಹುಡುಕಬಹುದು. ಅಲ್ಲಿಂದ ತೆಗೆದ ಪ್ರಿಂಟು ನಿಮ್ಮ ಮಾಹಿತಿಗೆ. ಮೇಲ್ಮನವಿಗೋ ಕಚೇರಿಗೋ ಕೊಡಲು ಕೋರ್ಟಿನಿಂದ ದೃಢೀಕೃತ ನಕಲೇ ಬೇಕು.

## ತೀರ್ಪು ಓದಲು ಶುರು ಮಾಡಿದವರಿಗೆ

'(2017) 10 ಎಸ್‌ಸಿಸಿ 1' ಅಂತೆಲ್ಲ ಬರೆದಿರ್ತಾರಲ್ಲ, ಹಾಗಂದ್ರೇನು?

ಅದು ತೀರ್ಪಿನ ವಿಳಾಸ. 2017ರ ಸುಪ್ರೀಂ ಕೋರ್ಟ್ ಕೇಸಸ್ ವರದಿಯ 10ನೇ ಸಂಪುಟದ 1ನೇ ಪುಟದಿಂದ ಶುರು. ಇದು ಖಾಸಗಿತನ ಮೂಲಭೂತ ಹಕ್ಕು ಎಂದ ಪುಟ್ಟಸ್ವಾಮಿ ಪ್ರಕರಣ. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಎಐಆರ್ ಅಂದರೆ ಆಲ್ ಇಂಡಿಯಾ ರಿಪೋರ್ಟರ್, ಅದರಲ್ಲಿ ವರ್ಷದ ನಂತರ ಕೋರ್ಟಿನ ಹೆಸರು ಬರುತ್ತದೆ. 'ಐಎಲ್‌ಆರ್ ಕರ್' ಅಂದರೆ ಕರ್ನಾಟಕ ಹೈಕೋರ್ಟಿನ ಅಧಿಕೃತ ವರದಿ. ಒಂದೇ ತೀರ್ಪು ನಾಲ್ಕು ವರದಿಯಲ್ಲಿ ಬಂದಿದ್ದರೆ ನಾಲ್ಕು ವಿಳಾಸ.

ಈ ತಲೆನೋವಿಗೆ 2023ರಿಂದ ಕೋರ್ಟುಗಳೇ ಸಂಖ್ಯೆ ಕೊಡುತ್ತಿವೆ. ಸುಪ್ರೀಂ ಕೋರ್ಟಿನದರಲ್ಲಿ ವರ್ಷದ ಮುಂದೆ 'ಐಎನ್‌ಎಸ್‌ಸಿ' ಇರುತ್ತದೆ. ಕರ್ನಾಟಕ ಹೈಕೋರ್ಟಿನದರಲ್ಲಿ 'ಕೆಎಚ್‌ಸಿ'. ಧಾರವಾಡ ಪೀಠದ್ದಾದರೆ ಅದಕ್ಕೆ 'ಡಿ', ಕಲಬುರಗಿಯದ್ದಾದರೆ 'ಕೆ' ಸೇರುತ್ತದೆ. ಈ ಸಂಖ್ಯೆ ಇದ್ದರೆ ಯಾವ ದುಬಾರಿ ವರದಿಯೂ ಬೇಕಿಲ್ಲ.

ತೀರ್ಪು ನೂರಾರು ಪುಟ ಇದೆ. ಎಲ್ಲಿಂದ ಓದ್ಲಿ?

ಕೊನೆಯಿಂದ. ಮೊದಲು ಆದೇಶದ ಭಾಗ ನೋಡಿ: ಅರ್ಜಿ ಗೆದ್ದಿತಾ, ಬಿತ್ತಾ? ಆಮೇಲೆ ಮುಂದಕ್ಕೆ ಬಂದು ಸಂಗತಿಗಳು, ಕೋರ್ಟ್ ಎತ್ತಿಕೊಂಡ ಪ್ರಶ್ನೆಗಳು, ಅವುಗಳಿಗೆ ಕೊಟ್ಟ ಕಾರಣಗಳು. ಎರಡೂ ಕಡೆ ವಕೀಲರ ವಾದವನ್ನು ಪುಟಗಟ್ಟಲೆ ಬರೆದಿರುತ್ತಾರೆ, ಅದನ್ನೇ ಕೋರ್ಟಿನ ಮಾತು ಅಂದುಕೊಂಡು ಗುರುತು ಹಾಕಿಕೊಳ್ಳುವವರು ಬಹಳ. ಮೇಲ್ಗಡೆ ಸಣ್ಣಕ್ಷರದಲ್ಲಿ ಬರುವ ಹೆಡ್‌ನೋಟ್ ವರದಿಗಾರರು ಮಾಡಿದ ಸಾರಾಂಶ, ತೀರ್ಪಿನ ಭಾಗವಲ್ಲ.

ಹಲವು ನ್ಯಾಯಮೂರ್ತಿಗಳು ಬೇರೆ ಬೇರೆ ಬರೆದಿದ್ದರೆ ಯಾರ ಪರ ಎಷ್ಟು ಜನ ಅಂತ ಮೊದಲು ಎಣಿಸಿ. ಇದಕ್ಕೆ ದೊಡ್ಡ ಉದಾಹರಣೆ ಕೇಶವಾನಂದ ಭಾರತಿ ಪ್ರಕರಣ. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು ಕೇರಳದ ಭೂ ಸುಧಾರಣೆಯ ವಿರುದ್ಧ ಹೋದದ್ದು, 13 ನ್ಯಾಯಮೂರ್ತಿಗಳು ಕೂತು 1973ರ ಏಪ್ರಿಲ್ 24ರಂದು 7-6ರಲ್ಲಿ ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಕೆಡವುವಂತಿಲ್ಲ ಎಂದದ್ದು. ಅದನ್ನು ಮೊದಲ ಪುಟದಿಂದ ಓದಲು ಕೂತವರು ಬಹುಪಾಲು ಮಧ್ಯದಲ್ಲೇ ಎದ್ದು ಹೋಗುತ್ತಾರೆ. ಹೊಸಬರು ರಾಷ್ಟ್ರಪತಿ ಆಳ್ವಿಕೆ ಕುರಿತ ಎಸ್. ಆರ್. ಬೊಮ್ಮಾಯಿ ಪ್ರಕರಣವನ್ನೂ (1994) ಆಮೇಲೆ ಇಟ್ಟುಕೊಳ್ಳಲಿ. ಮೊದಲು ಚಿಕ್ಕದು ಓದಿ. ಬಂಧನದ ವೇಳೆ ಪೊಲೀಸರು ಏನೇನು ಮಾಡಬೇಕು ಎಂದು ಪಟ್ಟಿ ಮಾಡಿದ ಡಿ. ಕೆ. ಬಸು ತೀರ್ಪು ಒಳ್ಳೆಯ ಆರಂಭ.

ಕಾಯ್ದೆ, ತೀರ್ಪು ಜೆರಾಕ್ಸ್ ಮಾಡಿಸಿದ್ರೆ ಕಾಪಿರೈಟ್ ತೊಂದರೆ ಬರುತ್ತಾ?

ತೀರ್ಪಿನ ಪಠ್ಯಕ್ಕೆ ಬರುವುದಿಲ್ಲ. ಪ್ರಕಾಶಕರು ಸೇರಿಸಿದ ಹೆಡ್‌ನೋಟ್, ಟಿಪ್ಪಣಿ ಅವರದು, 2007ರ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಸ್ವಂತ ಓದಿಗೆ ಒಂದೆರಡು ಪುಟ ಮಾಡಿಸಿಕೊಳ್ಳುವುದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಕಾಮೆಂಟರಿಯನ್ನು ಇಡಿಯಾಗಿ ಕೊಟ್ಟು 'ಬೈಂಡ್ ಮಾಡಿಕೊಡಿ' ಅನ್ನಬೇಡಿ.

## ಮಾನವ ಹಕ್ಕು, ಸಂಶೋಧನೆ

ಮಾನವ ಹಕ್ಕು ಅಂತ ಹುಡುಕಿದ್ರೆ ಬರೀ ವಿಶ್ವಸಂಸ್ಥೆ ಬರುತ್ತೆ. ಇಲ್ಲಿ ನಮಗೇನು ಉಪಯೋಗ?

1948ರ ಡಿಸೆಂಬರ್ 10ರ ಸಾರ್ವತ್ರಿಕ ಘೋಷಣೆಯಿಂದ ಶುರು ಮಾಡಿ. 30 ವಿಧಿ, ಅರ್ಧ ಗಂಟೆಯ ಓದು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯ ತಾಣದಲ್ಲಿ ಕನ್ನಡದಲ್ಲೂ ಇದೆ. ಮೊದಲ ವಿಧಿಯಲ್ಲಿ 'ಎಲ್ಲ ಪುರುಷರು' ಎಂಬರ್ಥದ ಮಾತು ಹೋಗಿ 'ಎಲ್ಲ ಮಾನವರು' ಬರಲು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ ಕಾರಣ.

ಆದರೆ ಇಲ್ಲಿ ದೂರು ಕೊಡಲು ಅದನ್ನು ಹಿಡಿದು ಹೋಗುವಂತಿಲ್ಲ. ಅದಕ್ಕೆ ಬೇಕಾದ್ದು ಸಂವಿಧಾನದ ಮೂರನೇ ಭಾಗ ಮತ್ತು ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ, 1993. ಆ ಕಾಯ್ದೆಯಡಿ ರಾಷ್ಟ್ರೀಯ ಆಯೋಗ, ಬೆಂಗಳೂರಿನಲ್ಲಿ ರಾಜ್ಯ ಆಯೋಗ ಇವೆ. ದೂರಿಗೆ ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, ಕನ್ನಡದಲ್ಲಿ ಬರೆಯಬಹುದು. ಘಟನೆ ನಡೆದು ಒಂದು ವರ್ಷದೊಳಗೆ ಕೊಡಬೇಕು, 36ನೇ ಸೆಕ್ಷನ್ ಓದಿ. ತಡ ಮಾಡಿ ಕಳಕೊಂಡವರು ಬಹಳ. ಆಯೋಗ ಶಿಫಾರಸು ಮಾಡುತ್ತದೆ, ಶಿಕ್ಷೆ ಕೊಡುವುದಿಲ್ಲ. ಅದನ್ನೂ ತಿಳಿದುಕೊಂಡೇ ಹೋಗಿ.

ವಕೀಲರಿಗೆ ಕೊಡೋಕೆ ದುಡ್ಡಿಲ್ಲ. ಇದನ್ನೆಲ್ಲ ಓದಿ ನಾನೇ ವಾದ ಮಾಡ್ಲಾ?

ಸ್ವತಃ ವಾದಿಸಲು ಅವಕಾಶ ಇದೆ. ಆದರೆ ದುಡ್ಡಿಲ್ಲ ಎಂಬುದೇ ಕಾರಣವಾದರೆ ಬೇರೆ ದಾರಿ ನೋಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್‌ನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಇವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಸೇವಾ ಸಮಿತಿ ಇರುತ್ತದೆ. ಫೋನ್ 15100. ಪ್ರಾಧಿಕಾರದವರು ಹಂಚುವ ಕನ್ನಡದ ಕಿರುಪುಸ್ತಕಗಳೂ ಚೆನ್ನಾಗಿರುತ್ತವೆ. ಓದಿದ್ದು ವ್ಯರ್ಥವಾಗುವುದಿಲ್ಲ: ಸೆಕ್ಷನ್ ಗೊತ್ತಿರುವ ಕಕ್ಷಿದಾರರಿಗೆ ವಕೀಲರೂ ಸ್ವಲ್ಪ ಜಾಸ್ತಿ ವಿವರಿಸಿ ಹೇಳುತ್ತಾರೆ.

ಸರ್ಕಾರಿ ಸುತ್ತೋಲೆ, ತನಿಖಾ ವರದಿ ಯಾವ ಲೈಬ್ರರಿಯಲ್ಲೂ ಸಿಗ್ತಿಲ್ಲ. ಎಲ್ಲಿ ಕೇಳ್ಲಿ?

ಸಂಬಂಧಪಟ್ಟ ಕಚೇರಿಯನ್ನೇ ಕೇಳಬೇಕು. ಮಾಹಿತಿ ಹಕ್ಕು ಕಾಯ್ದೆ, 2005ರಡಿ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಿ. ಬಿಪಿಎಲ್ ಇದ್ದರೆ ಅದೂ ಬೇಡ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಸುಮ್ನೆ 'ಎಲ್ಲ ದಾಖಲೆ ಕೊಡಿ' ಅಂದರೆ ತಿರಸ್ಕಾರವಾಗುತ್ತದೆ. ಸುತ್ತೋಲೆಯ ದಿನಾಂಕ, ಇಲಾಖೆ, ವಿಷಯ ಬರೆದು ಕೇಳಿ. 30 ದಿನ ಕಾಯಿರಿ. ಆಯೋಗಗಳ ವಾರ್ಷಿಕ ವರದಿಗಳನ್ನು ಸದನದಲ್ಲಿ ಮಂಡಿಸಬೇಕಾದ್ದರಿಂದ ಅವು ಶಾಸಕಾಂಗದ ದಾಖಲೆಗಳಲ್ಲಿ ಸಿಗುತ್ತವೆ. ಭಾರತ ಕಾನೂನು ಆಯೋಗದ ವರದಿಗಳು ಅದರದೇ ತಾಣದಲ್ಲಿ ಇವೆ. ಒಂದು ಕಾಯ್ದೆ ಯಾಕೆ ಹೀಗಿದೆ ಅಂತ ತಿಳಿಯಲು ಅದಕ್ಕಿಂತ ಒಳ್ಳೆಯ ಓದು ಕಡಿಮೆ.

ಭಾರತ ಸಹಿ ಹಾಕಿದ ಅಂತರರಾಷ್ಟ್ರೀಯ ಒಪ್ಪಂದ ನಮ್ಮ ಕೋರ್ಟಿನಲ್ಲಿ ಉಪಯೋಗಕ್ಕೆ ಬರುತ್ತಾ?

ನೇರವಾಗಿ ಅಲ್ಲ, ಬಳಸುಹಾದಿಯಲ್ಲಿ ಬರುತ್ತದೆ. ಸಂಸತ್ತು ಕಾಯ್ದೆ ಮಾಡಬೇಕು, ಅಥವಾ ಕೋರ್ಟು ಸಂವಿಧಾನವನ್ನು ಅರ್ಥೈಸುವಾಗ ಅದನ್ನು ಆಧಾರ ಮಾಡಿಕೊಳ್ಳಬೇಕು. 1993ರಲ್ಲಿ ಭಾರತ ಮಹಿಳಾ ತಾರತಮ್ಯ ನಿವಾರಣೆಯ ಒಪ್ಪಂದವನ್ನು ಅನುಮೋದಿಸಿತು. 1997ರ ವಿಶಾಖಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಳಸಿ ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ ಮಾರ್ಗಸೂಚಿ ಕೊಟ್ಟಿತು. ಕಾಯ್ದೆ ಬಂದಿದ್ದು 2013ರಲ್ಲಿ.

ಓದುವಾಗ ಸಹಿ ಬೇರೆ, ಅನುಮೋದನೆ ಬೇರೆ ಎಂಬುದು ನೆನಪಿರಲಿ. ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು, ಅನುಮೋದಿಸಿಲ್ಲ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ 1979ರಲ್ಲಿ ಸೇರಿತು, ಕೆಲವು ವಿಧಿಗಳ ಬಗ್ಗೆ ತನ್ನ ಹೇಳಿಕೆಗಳನ್ನು ಜೊತೆಗಿಟ್ಟು. ಆ ಹೇಳಿಕೆಗಳ ಪಠ್ಯ ವಿಶ್ವಸಂಸ್ಥೆಯ ಒಪ್ಪಂದಗಳ ಸಂಗ್ರಹದಲ್ಲಿ ಇದೆ. ಸಮಿತಿಗಳಿಗೆ ಭಾರತ ಕೊಟ್ಟ ವರದಿ, ಸಮಿತಿಯ ಟೀಕೆ, ಎರಡನ್ನೂ ಜೊತೆಗಿಟ್ಟು ಓದಿದರೆ ಒಳ್ಳೆಯ ಪ್ರಬಂಧಕ್ಕೆ ಬೇಕಾದಷ್ಟು ಸಾಮಗ್ರಿ ಸಿಗುತ್ತದೆ.

ಒಂದು ವಿಧಿ ಸಂವಿಧಾನಕ್ಕೆ ಹೇಗೆ ಬಂತು ಅಂತ ಸಂಶೋಧನೆ ಮಾಡ್ತಿದ್ದೀನಿ. ಮೂಲ ದಾಖಲೆ ಎಲ್ಲಿವೆ?

ಸಂವಿಧಾನ ಸಭೆಯ ಚರ್ಚೆಗಳು 12 ಸಂಪುಟ, 1946ರ ಡಿಸೆಂಬರ್ 9ರಿಂದ 1950ರ ಜನವರಿ 24ರವರೆಗೆ. ದೊಡ್ಡ ಲೈಬ್ರರಿಗಳಲ್ಲಿ ಮುದ್ರಿತ ಪ್ರತಿ ಇರುತ್ತದೆ. ಬೆಂಗಳೂರಿನ ಸೆಂಟರ್ ಫಾರ್ ಲಾ ಅಂಡ್ ಪಾಲಿಸಿ ರಿಸರ್ಚ್ ನಡೆಸುವ ತಾಣದಲ್ಲಿ ಇವನ್ನು ವಿಧಿವಾರು, ಸದಸ್ಯರವಾರು ಹುಡುಕಬಹುದು. ಚರ್ಚೆಯಷ್ಟೇ ಓದಿದರೆ ಅರ್ಧ ಕತೆ ಮಾತ್ರ. ಸಮಿತಿಗಳ ಕರಡು, ಟಿಪ್ಪಣಿಗಳು ಬಿ. ಶಿವರಾವ್ ಸಂಪಾದಿಸಿದ ಸಂಪುಟಗಳಲ್ಲಿ ಇವೆ. ಇವರು ಸಂವಿಧಾನ ಸಲಹೆಗಾರರಾಗಿದ್ದ ಮಂಗಳೂರಿನ ಬಿ. ಎನ್. ರಾವ್ ಅವರ ತಮ್ಮ. ಮೈಸೂರು ಸಂಸ್ಥಾನ ಮತ್ತು ಬೊಂಬಾಯಿ ಪ್ರಾಂತ್ಯದಿಂದ ಹೋದ ಕನ್ನಡಿಗ ಸದಸ್ಯರಲ್ಲಿ ಕೆ. ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಎಸ್. ನಿಜಲಿಂಗಪ್ಪ ಇದ್ದರು. ಅವರ ಹೆಸರು ಹಾಕಿ ಹುಡುಕಿದರೆ ಕಡಿಮೆ ಜನ ಓದಿರುವ ಮಾತುಗಳು ಸಿಗುತ್ತವೆ. ಹುಡುಕುವಾಗ ಇವತ್ತಿನ ವಿಧಿಯ ಸಂಖ್ಯೆ ಹಾಕಬೇಡಿ. 1948ರ ಕರಡಿನಲ್ಲಿ ಸಂಖ್ಯೆ ಬೇರೆ ಇತ್ತು. ಇವತ್ತಿನ 21ನೇ ವಿಧಿಯ ಚರ್ಚೆ ಕರಡಿನ 15ರ ಕೆಳಗೆ ಇದೆ, 32ರದು 25ರ ಕೆಳಗೆ.